ಕೆರೆ ದೊಡ್ಡದಾದರೆ ಸಾಲದು, ತೂಬನ್ನೂ ನೋಡಬೇಕು

ಕಳೆದ ವಾರ ನಮ್ಮೂರಿನ ಅರಳಿಕಟ್ಟೆಯ ಮೇಲೆ ಒಂದು ಹೊಸ ಸ್ಮಾರ್ಟ್‌ಫೋನು ಕೈಯಿಂದ ಕೈಗೆ ತಿರುಗುತ್ತಿತ್ತು. ಪಟ್ಟಣಕ್ಕೆ ಹೋಗಿ ಅದನ್ನು ಕೊಂಡುತಂದ ಯುವಕನಿಗೆ ಸಂಭ್ರಮವೋ ಸಂಭ್ರಮ. ಒಬ್ಬರು ಕ್ಯಾಮೆರಾ ಹೇಗಿದೆ ಎಂದರು. ಇನ್ನೊಬ್ಬರು ಎಷ್ಟು ಕೊಟ್ಟೆ ಎಂದರು. ಮತ್ತೊಬ್ಬರು ಹಾಡು ಹಾಕಿಸಿ ಕೇಳಿದರು. ಕಟ್ಟೆಯ ಮೂಲೆಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ಮಾತ್ರ, "ಅಲ್ಲಪ್ಪಾ, ಕರೆಂಟು ಹೋದ್ರೆ ಇದು ಎಷ್ಟು ದಿನ ನಿಲ್ಲತ್ತೆ?" ಎಂದು ಕೇಳಿದರು. ಸುತ್ತ ಇದ್ದವರೆಲ್ಲ ನಕ್ಕುಬಿಟ್ಟರು. ಯುವಕನಿಗೂ ಉತ್ತರ ಗೊತ್ತಿರಲಿಲ್ಲ. ಅಂಗಡಿಯವರು ಹೇಳಿರಲಿಲ್ಲ, ಆತನೂ ಕೇಳಿರಲಿಲ್ಲ.

ಅಂದು ಆ ಕಟ್ಟೆಯ ಮೇಲೆ ಕೇಳಿದ ಪ್ರಶ್ನೆಗಳಲ್ಲಿ ರೈತನಿಗೆ ಉಪಯೋಗಕ್ಕೆ ಬರುವಂಥದ್ದು ಅದೊಂದೇ ಎಂಬುದು ನನ್ನ ಅಭಿಪ್ರಾಯ. ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತೇವೆ, ಸುಳಿ ನೋಡುತ್ತೇವೆ, ನೊಗ ಹೂಡಿ ನಾಲ್ಕು ಸುತ್ತು ನಡೆಸಿ ನೋಡುತ್ತೇವೆ. ಬೀಜ ಕೊಳ್ಳುವಾಗ ಚೀಟಿಯ ಮೇಲಿನ ಮೊಳಕೆ ಪ್ರಮಾಣ ಓದುತ್ತೇವೆ. ಆದರೆ ಅಷ್ಟೇ ಹಣ ಕೊಟ್ಟು ಕೊಳ್ಳುವ ಫೋನಿನ ವಿಷಯದಲ್ಲಿ ಅಂಗಡಿಯ ಹುಡುಗ ಹೇಳಿದ್ದೇ ವೇದವಾಕ್ಯ. ಇದು ಸರಿಯಲ್ಲ.

ಒಂದು ಸುಗ್ಗಿಯ ಕಥೆ

ಚಳ್ಳಕೆರೆ ಸೀಮೆಯ ನಮ್ಮ ಕಡೆ ಮಳೆಯಾಶ್ರಿತ ಶೇಂಗಾವೇ ಬದುಕು. ಒಂದು ವರ್ಷ ಶೇಂಗಾ ಕಿತ್ತು, ಬಳ್ಳಿಯನ್ನು ಒಣಗಲೆಂದು ಹೊಲದಲ್ಲೇ ಹರಡಿದ್ದ ಸಮಯದಲ್ಲಿ ಅಕಾಲಿಕ ಮಳೆ ಹೊಡೆಯಿತು. ರಾತ್ರಿಯೆಲ್ಲ ಸುರಿದ ಮಳೆಗೆ ಕಂಬಗಳು ಉರುಳಿ ಊರಿಗೆ ಊರೇ ಕತ್ತಲಾಯಿತು. ನಮ್ಮ ಪಕ್ಕದ ಹೊಲದವರು ಬೆಳೆ ವಿಮೆಯ ಕಂತು ಕಟ್ಟಿದ್ದರು. ಕಿತ್ತು ಹರಡಿದ ಬೆಳೆ ಮಳೆಗೆ ಸಿಕ್ಕಿ ಹಾಳಾದರೆ, ಕೊಯ್ಲಾದ 14 ದಿನಗಳವರೆಗೆ ಪರಿಹಾರ ಕೇಳಲು ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಅವಕಾಶವಿದೆ. ಆದರೆ ಹಾನಿಯಾದ 72 ಗಂಟೆಗಳೊಳಗೆ ತಿಳಿಸಬೇಕು ಎಂಬುದು ನಿಯಮ.

ಅವರ ಫೋನು ಮಳೆಯ ರಾತ್ರಿಯೇ ಅರ್ಧಕ್ಕಿಂತ ಕೆಳಗಿತ್ತು. ಮರುದಿನ ಬೆಳಿಗ್ಗೆ ಹೊಲಕ್ಕೆ ಹೋಗಿ ನಾಲ್ಕು ಫೋಟೋ ತೆಗೆಯುವಷ್ಟರಲ್ಲಿ ಆರಿಹೋಯಿತು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕರೆಂಟಿಗೆ ಕಾದರು. ನಡುವೆ ಭಾನುವಾರ ಬಂತು. ಕಚೇರಿಗೆ ಹೋಗಿ ಹೇಳೋಣವೆಂದರೆ ಬಾಗಿಲು ಹಾಕಿತ್ತು. ಕೊನೆಗೆ ಪಟ್ಟಣದ ನೆಂಟರ ಮನೆಗೆ ಹೋಗಿ ಫೋನು ತುಂಬಿಸಿಕೊಂಡು ದೂರು ಕೊಡುವ ಹೊತ್ತಿಗೆ ನಾಲ್ಕನೆಯ ದಿನವಾಗಿತ್ತು. ಅವಧಿ ಮೀರಿದೆ ಎಂಬ ಉತ್ತರ ಬಂತು. ಒಂದು ವರ್ಷದ ದುಡಿಮೆ, ಕಟ್ಟಿದ ಕಂತು ಎರಡೂ ಹೋದವು.

ಇದರಲ್ಲಿ ಯಾರನ್ನು ದೂರಿಯೂ ಫಲವಿಲ್ಲ. ಆದರೆ ಒಂದು ಪಾಠವಿದೆ. ಫೋನು ರೈತನಿಗೆ ಅತ್ಯಂತ ಅಗತ್ಯವಾಗುವ ದಿನವೇ ಅದನ್ನು ಚಾರ್ಜು ಮಾಡಲು ಕರೆಂಟು ಇರುವುದಿಲ್ಲ. ಬಿರುಗಾಳಿ, ಆಲಿಕಲ್ಲು, ನೆರೆ, ಸಿಡಿಲು ಬಂದಾಗ ಮೊದಲು ಹೋಗುವುದು ಕರೆಂಟು. ಆದ್ದರಿಂದ ಪಟ್ಟಣದವರು ಮಾಮೂಲಿ ದಿನವನ್ನು ಲೆಕ್ಕಹಾಕಿ ಫೋನು ಕೊಂಡರೆ ನಡೆದೀತು. ರೈತರು ಕೆಟ್ಟ ಮೂರು ದಿನಗಳನ್ನು ಲೆಕ್ಕಹಾಕಿಯೇ ಕೊಳ್ಳಬೇಕು.

ಫೋನು ಈಗ ಕೃಷಿ ಸಲಕರಣೆ

ಫೋನು ಶೋಕಿಯ ವಸ್ತು, ರೈತನಿಗೆ ಅದರ ಚಿಂತೆ ಏಕೆ ಎಂದು ಕೇಳುವವರು ಈಗಲೂ ಇದ್ದಾರೆ. ಅವರು ಒಂದು ಸಂಗತಿ ಗಮನಿಸಬೇಕು. ನಮ್ಮ ರಾಜ್ಯದಲ್ಲಿ 2020ರಿಂದ ರೈತರೇ ತಮ್ಮ ಹೊಲದಲ್ಲಿ ನಿಂತು, ಸರ್ವೆ ನಂಬರಿನ ಗಡಿಯೊಳಗಿನಿಂದ ಬೆಳೆಯ ಫೋಟೋ ತೆಗೆದು ಬೆಳೆ ಸಮೀಕ್ಷೆ ದಾಖಲಿಸುವ ವ್ಯವಸ್ಥೆ ಬಂದಿದೆ. ಬೆಂಬಲ ಬೆಲೆಯ ಖರೀದಿಗೆ, ಬರ ಅಥವಾ ನೆರೆ ಪರಿಹಾರಕ್ಕೆ, ವಿಮೆಗೆ ಈ ದಾಖಲೆಯೇ ಆಧಾರ. 2019ರಲ್ಲಿ ಆರಂಭವಾದ ಪಿ.ಎಂ. ಕಿಸಾನ್ ಹಣಕ್ಕೆ ಬೇಕಾದ ಇ-ಕೆವೈಸಿಯನ್ನು ಫೋನಿಗೆ ಬರುವ ಓಟಿಪಿಯಿಂದಲೋ ಮುಖ ತೋರಿಸಿಯೋ ಮಾಡಿಕೊಳ್ಳಬಹುದು. ರಾತ್ರಿ ತ್ರೀಫೇಸ್ ಬಂದಾಗ ಹಾಸಿಗೆಯಿಂದ ಏಳದೆ ಕೊಳವೆ ಬಾವಿಯ ಮೋಟಾರು ಹಾಕುವ ಮೊಬೈಲ್ ಸ್ಟಾರ್ಟರು ಬಂದಿದೆ. ಹಾವು, ಚಿರತೆಯ ಭಯದಲ್ಲಿ ಬ್ಯಾಟರಿ ಹಿಡಿದು ಹೋಗುತ್ತಿದ್ದವರಿಗೆ ಅದು ಎಂಥ ಉಪಕಾರ ಎಂಬುದು ಅನುಭವಿಸಿದವರಿಗೇ ಗೊತ್ತು. ಹವಾಮಾನ ಇಲಾಖೆಯ ಮುನ್ಸೂಚನೆ ನೀಡುವ 'ಮೇಘದೂತ', ಸಿಡಿಲಿನ ಎಚ್ಚರಿಕೆ ಕೊಡುವ 'ದಾಮಿನಿ' ಇವೆಲ್ಲವೂ ಫೋನಿನಲ್ಲೇ ಇವೆ.

ಇದು ಇನ್ನೂ ಹೆಚ್ಚಲಿದೆ. ಕಾಡುಪ್ರಾಣಿಗಳಿಂದ ಆಗುವ ಬೆಳೆಹಾನಿಯನ್ನೂ ಭತ್ತದ ಜಲಾವೃತವನ್ನೂ 2026ರ ಮುಂಗಾರಿನಿಂದ ವಿಮೆಯ ವ್ಯಾಪ್ತಿಗೆ ತರುವುದಾಗಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಆನೆ, ಹಂದಿಗಳ ಕಾಟದಿಂದ ಬೇಸತ್ತವರಿಗೆ ಇದು ಶುಭವಾರ್ತೆ. ಆದರೆ ಅಲ್ಲಿಯೂ 72 ಗಂಟೆಗಳೊಳಗೆ, ಸ್ಥಳದ ಗುರುತು ಸಹಿತವಾದ ಫೋಟೋ ಹಾಕಿ ತಿಳಿಸಬೇಕೆಂಬ ನಿಯಮವಿದೆ. ಹೀಗಿರುವಾಗ ಆರಿಹೋದ ಫೋನು ಮುರಿದ ನೇಗಿಲಿಗೆ ಸಮಾನ ಎಂದರೆ ಅತಿಶಯೋಕ್ತಿಯಾಗಲಾರದು.

ಕೆರೆ ಮತ್ತು ತೂಬು

ಈಗ ಬ್ಯಾಟರಿಯ ವಿಷಯಕ್ಕೆ ಬರೋಣ. ಫೋನಿನ ಡಬ್ಬಿಯ ಮೇಲೆ 5000 ಎಂ.ಎ.ಎಚ್., 6000 ಎಂ.ಎ.ಎಚ್. ಎಂದು ಬರೆದಿರುತ್ತದೆ. ಮಿಲಿ ಆಂಪಿಯರ್ ಅವರ್ ಎಂಬುದರ ಹ್ರಸ್ವರೂಪ ಅದು. ಕೆರೆಯಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂಬುದಕ್ಕೆ ಅದನ್ನು ಹೋಲಿಸಬಹುದು. ಸಂಖ್ಯೆ ದೊಡ್ಡದಾದಷ್ಟೂ ಕೆರೆ ದೊಡ್ಡದು.

ಆದರೆ ಕೆರೆ ಎಷ್ಟು ದಿನ ಬರುತ್ತದೆ ಎಂಬುದು ಕೆರೆಯ ಅಳತೆಯೊಂದರಿಂದ ತೀರ್ಮಾನವಾಗುವುದಿಲ್ಲ. ತೂಬು ಎಷ್ಟು ದೊಡ್ಡದು, ಎಷ್ಟು ಹೊತ್ತು ತೆರೆದಿರುತ್ತದೆ, ಏರಿಯಲ್ಲಿ ಎಷ್ಟು ಸೋರಿಕೆ ಇದೆ ಎಂಬುದನ್ನೂ ನೋಡಬೇಕು. 2003ರಲ್ಲಿ ಬಂದ ನೋಕಿಯಾ 1100 ಫೋನನ್ನು ನಮ್ಮಲ್ಲಿ ಅನೇಕರು ಬಳಸಿದ್ದೇವೆ. ತುದಿಯಲ್ಲಿ ಟಾರ್ಚು, ಧೂಳು ಒಳಹೋಗದ ರಬ್ಬರಿನ ಕೀಲಿ, ಬೇಕಾದಾಗ ಬಿಚ್ಚಬಹುದಾದ ಬ್ಯಾಟರಿ. ಆ ಬ್ಯಾಟರಿ ಬರೀ 850 ಎಂ.ಎ.ಎಚ್.ನದು. ಆದರೂ ಮೂರು ನಾಲ್ಕು ದಿನ ನಿಲ್ಲುತ್ತಿತ್ತು. ಈಗಿನದು ಅದರ ಆರರಷ್ಟು ದೊಡ್ಡ ಕೆರೆ; ಆದರೂ ಎರಡನೆಯ ದಿನ ಮಧ್ಯಾಹ್ನಕ್ಕೆ ಬತ್ತುತ್ತದೆ. ಕಾರಣ ಸ್ಪಷ್ಟ. ಕೆರೆ ಆರುಪಟ್ಟು ಬೆಳೆಯಿತು, ತೂಬು ಅದಕ್ಕಿಂತಲೂ ಹೆಚ್ಚು ಬೆಳೆಯಿತು.

ಈ ತೂಬುಗಳು ಯಾವುವು ಎಂಬುದನ್ನು ತಿಳಿದರೆ ಫೋನನ್ನು ಆರಿಸುವುದೂ ಸುಲಭ, ಬಳಸುವುದೂ ಸುಲಭ.

ಮೊದಲನೆಯದು ಪರದೆ. ಸಾಮಾನ್ಯವಾಗಿ ಬ್ಯಾಟರಿಯ ದೊಡ್ಡ ಪಾಲು ತಿನ್ನುವುದು ಇದೇ. ಹೊಲದ ಬಿಸಿಲಿನಲ್ಲಿ ಅಕ್ಷರ ಕಾಣಲೆಂದು ಫೋನು ತಾನಾಗಿಯೇ ಬೆಳಕು ಏರಿಸುತ್ತದೆ. ನೆರಳಿಗೆ ಬಂದು ನೋಡಿದರೆ ಅದೇ ಕೆಲಸ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ಪರದೆ ಸೆಕೆಂಡಿಗೆ 120 ಸಲ ಬದಲಾಗುತ್ತದೆಂದು ಅಂಗಡಿಯಲ್ಲಿ ಹೊಗಳುತ್ತಾರೆ. ಪಹಣಿ ಓದಲು 60 ಸಲ ಸಾಕು. ಸೆಟ್ಟಿಂಗಿನಲ್ಲಿ ಅದನ್ನು ಇಳಿಸಬಹುದು.

ಎರಡನೆಯದು ಸಿಗ್ನಲ್. ಇದು ಹಳ್ಳಿಯವರಿಗೆ ಮಾತ್ರ ತಟ್ಟುವ ಖರ್ಚು. ಆದ್ದರಿಂದಲೇ ಯಾವ ಜಾಹೀರಾತಿನಲ್ಲೂ ಇರುವುದಿಲ್ಲ. ಪಕ್ಕದಲ್ಲಿ ನಿಂತವರೊಡನೆ ಮೆಲುದನಿಯಲ್ಲಿ ಮಾತಾಡಬಹುದು. ಆಚೆ ಬದುವಿನಲ್ಲಿರುವವರನ್ನು ಕರೆಯಲು ಗಂಟಲು ಹರಿಯುವಂತೆ ಕೂಗಬೇಕು. ಫೋನೂ ಹಾಗೆಯೇ. ಟವರು ಹತ್ತಿರವಿದ್ದರೆ ಮೆಲ್ಲಗೆ ಮಾತಾಡುತ್ತದೆ. ದೂರವಿದ್ದರೆ ಶಕ್ತಿಯೆಲ್ಲ ಹಾಕಿ ಕೂಗುತ್ತದೆ. ಸಿಗ್ನಲ್ ಇಲ್ಲದ ಕಡೆ ಮತ್ತೆ ಮತ್ತೆ ಹುಡುಕುತ್ತಲೇ ಇರುತ್ತದೆ. ಬೆಂಗಳೂರಿನಲ್ಲಿ ಎರಡು ದಿನ ಬಂದ ಫೋನು ಮಲೆನಾಡಿನ ಕಣಿವೆಯಲ್ಲಿ ಒಂದೇ ದಿನಕ್ಕೆ ಆರುವುದು ಇದರಿಂದಲೇ. 5ಜಿ ಸರಿಯಾಗಿ ಬಾರದ ಊರಿನಲ್ಲಿ 5ಜಿ ತೆರೆದಿಟ್ಟರೆ ಫೋನು ಅತ್ತ ಇತ್ತ ಹಾರಾಡುತ್ತಾ ದಣಿಯುತ್ತದೆ. ಅಂಥ ಕಡೆ 4ಜಿಗೆ ಇಟ್ಟುಕೊಳ್ಳುವುದು ಲೇಸು. ಎರಡು ಸಿಮ್ ಹಾಕಿದ್ದು, ಒಂದಕ್ಕೆ ಊರಿನಲ್ಲಿ ಸಿಗ್ನಲ್ಲೇ ಇಲ್ಲದಿದ್ದರೆ ಅದನ್ನು ಆರಿಸಿಡಬೇಕು.

ಮೂರನೆಯದು ಹಿನ್ನೆಲೆಯ ಸೋರಿಕೆ. ನಾವು ಮುಟ್ಟದಿದ್ದರೂ ಒಳಗೊಳಗೇ ನಡೆಯುವ ಆ್ಯಪ್‌ಗಳಿವೆ. ಸೆಟ್ಟಿಂಗಿನಲ್ಲಿ ಬ್ಯಾಟರಿ ಎಂಬಲ್ಲಿಗೆ ಹೋದರೆ ಯಾವುದು ಎಷ್ಟು ತಿಂದಿತೆಂಬ ಲೆಕ್ಕ ಸಿಗುತ್ತದೆ. ಮನೆಯ ಮಕ್ಕಳಿಂದ ಒಮ್ಮೆ ಅದನ್ನು ತೆರೆಸಿ ನೋಡಿ. ಕಳ್ಳ ಯಾರೆಂದು ಅಲ್ಲೇ ಗೊತ್ತಾಗುತ್ತದೆ. ಕೆಲವು ಸಲ ಕಳ್ಳ ನಾವೇ ಆಗಿರುತ್ತೇವೆ. ರಾತ್ರಿ ಹನ್ನೊಂದರವರೆಗೆ ವಿಡಿಯೋ ನೋಡಿ, ಬೆಳಿಗ್ಗೆ ಬ್ಯಾಟರಿ ಸರಿಯಿಲ್ಲ ಎಂದು ಬೈದರೆ ಪ್ರಯೋಜನವಿಲ್ಲ.

ಕೊಳ್ಳುವಾಗ ಕೇಳಬೇಕಾದ್ದು

ಇನ್ನು ಅಂಗಡಿಯಲ್ಲಿ ನಿಂತಾಗ ಏನು ನೋಡಬೇಕು? ನನ್ನ ಸಲಹೆಗಳು ಇಷ್ಟು.

5000ಕ್ಕಿಂತ ಕಡಿಮೆ ಎಂ.ಎ.ಎಚ್. ಇರುವ ಫೋನು ರೈತನಿಗೆ ಬೇಡ. 6000 ಅಥವಾ ಅದಕ್ಕೂ ಹೆಚ್ಚಿನದು ಸಿಕ್ಕರೆ ಒಳ್ಳೆಯದು. ವಿಶೇಷವೆಂದರೆ ಇದಕ್ಕೆ ಹೆಚ್ಚು ಹಣ ಕೊಡಬೇಕಿಲ್ಲ. ತೆಳ್ಳಗಿನ, ಬಲು ದುಬಾರಿ ಫೋನುಗಳಿಗಿಂತ ಮಧ್ಯಮ ಬೆಲೆಯ ಫೋನುಗಳಲ್ಲೇ ದೊಡ್ಡ ಬ್ಯಾಟರಿ ಹೆಚ್ಚಾಗಿ ಇರುತ್ತದೆ. ಈಚಿನ ವರ್ಷಗಳಲ್ಲಿ ಸಿಲಿಕಾನ್ ಬೆರೆಸಿದ ಹೊಸ ಬಗೆಯ ಬ್ಯಾಟರಿ ಬಂದು, 7000ಕ್ಕೂ ಮಿಕ್ಕಿದ ಸಾಮರ್ಥ್ಯ ಮಾಮೂಲಿ ಗಾತ್ರದ ಫೋನಿನಲ್ಲೇ ಹಿಡಿಯುತ್ತಿದೆ. ಒಳ್ಳೆಯ ಬೆಳವಣಿಗೆ. ಆದರೆ ಚಾರ್ಜಾಗುವಾಗ ಸಿಲಿಕಾನ್ ಹೆಚ್ಚು ಉಬ್ಬುವ ಗುಣದ್ದು. ಆದ್ದರಿಂದ ಅಂಥದನ್ನು ಕೊಳ್ಳುವವರು ಎಷ್ಟು ಸಲ ಚಾರ್ಜು ಮಾಡಿದರೂ ಎಷ್ಟು ಶಕ್ತಿ ಉಳಿಯುತ್ತದೆ ಎಂದು ಕಂಪನಿ ಬರೆದುಕೊಟ್ಟಿದೆಯೋ ನೋಡಿಕೊಳ್ಳಬೇಕು.

ಇಲ್ಲಿ ಇನ್ನೊಂದು ಲೆಕ್ಕವಿದೆ. ಬ್ಯಾಟರಿಯ ಆಯುಸ್ಸನ್ನು ಎಣಿಸುವುದು ಎಷ್ಟು ಸಲ ಪೂರ್ತಿ ತುಂಬಿ ಪೂರ್ತಿ ಖಾಲಿಯಾಯಿತು ಎಂಬುದರ ಮೇಲೆ. ಅರ್ಧರ್ಧ ಎರಡು ಸಲ ತುಂಬಿದರೆ ಅದು ಒಂದು ಸುತ್ತು. 800 ಸುತ್ತಿನ ನಂತರ ಶೇಕಡ 80ರಷ್ಟು ಉಳಿಯುವ ಬ್ಯಾಟರಿಯನ್ನು ದಿನಕ್ಕೊಂದು ಸುತ್ತು ಓಡಿಸಿದರೆ ಎರಡು ವರ್ಷ ದಾಟುವಷ್ಟರಲ್ಲಿ ಬಡವಾಗುತ್ತದೆ. ಅದೇ ಕೆಲಸಕ್ಕೆ ದೊಡ್ಡ ಬ್ಯಾಟರಿ ಇದ್ದು ಎರಡು ದಿನಕ್ಕೊಂದು ಸುತ್ತು ಸಾಕಾದರೆ ಆ ಲೆಕ್ಕದಲ್ಲಿ ನಾಲ್ಕು ವರ್ಷ ದಾಟುತ್ತದೆ. ಬಿಸಿಲು, ವಯಸ್ಸು ಸ್ವಲ್ಪ ಕಳೆದಾವು. ಆದರೂ ದೊಡ್ಡ ಕೆರೆ ಇಂದಿನ ಅನುಕೂಲವಷ್ಟೇ ಅಲ್ಲ, ಮುಂದಿನ ಉಳಿತಾಯ ಕೂಡ.

ಕ್ಯಾಮೆರಾದ ಮೆಗಾಪಿಕ್ಸೆಲ್ ಸಂಖ್ಯೆಗೆ ಮರುಳಾಗಬೇಡಿ. ಬೆಳೆ ಸಮೀಕ್ಷೆಗೆ, ಎಲೆಯ ರೋಗ ತೋರಿಸಲು ಸಾಧಾರಣ ಕ್ಯಾಮೆರಾ ಧಾರಾಳ ಸಾಕು. ಅದರ ಬದಲು ಧೂಳು ನೀರಿನ ರಕ್ಷಣೆ ಕೇಳಿ. ಐ.ಪಿ. ಎಂಬ ಅಕ್ಷರಗಳ ಮುಂದೆ ಎರಡು ಅಂಕಿ ಇರುತ್ತವೆ. ಮೊದಲನೆಯದು ಧೂಳಿನದು, ಎರಡನೆಯದು ನೀರಿನದು. ಐಪಿ 54ಕ್ಕಿಂತ ಐಪಿ 67 ಹೆಚ್ಚು ಗಟ್ಟಿ.

ಡಬ್ಬಿಯೊಳಗೆ ಚಾರ್ಜರು ಇದೆಯೇ ಕೇಳಿ. ಈಗ ಕೆಲವು ಕಂಪನಿಗಳು ಕೊಡುವುದಿಲ್ಲ. ಆಗ ರಸ್ತೆ ಬದಿಯ ಅಗ್ಗದ ಚಾರ್ಜರಿಗೆ ಕೈ ಹಾಕುವುದು ಆಳು ಉಳಿಸಲು ಹೋಗಿ ಬೆಳೆ ಕಳೆದುಕೊಂಡಂತೆ. ಚಾರ್ಜರಿನ ಮೇಲೂ ಪವರ್ ಬ್ಯಾಂಕಿನ ಮೇಲೂ ಭಾರತೀಯ ಮಾನಕ ಬ್ಯೂರೋದ ಗುರುತು ಮತ್ತು 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ಬೇಗ ತುಂಬುವ ಚಾರ್ಜರು ರೈತನಿಗೆ ಅನುಕೂಲವೇ. ಕರೆಂಟು ಒಂದು ಗಂಟೆ ಬಂದು ಹೋಗುವ ದಿನಗಳಲ್ಲಿ ಆ ಒಂದು ಗಂಟೆಯೊಳಗೆ ಕೆರೆ ತುಂಬಬೇಕಲ್ಲ!

ಎಲ್ಲಕ್ಕಿಂತ ಮುಖ್ಯವಾಗಿ, ಅದೇ ಮಾದರಿಯ ಫೋನನ್ನು ಒಂದು ವರ್ಷ ಬಳಸಿದವರು ನಿಮ್ಮ ಊರಿನಲ್ಲೋ ಪಕ್ಕದ ಊರಿನಲ್ಲೋ ಇದ್ದರೆ ಅವರನ್ನು ಕೇಳಿ. ನಿಮ್ಮ ಸಿಗ್ನಲ್ಲು, ನಿಮ್ಮ ಬಿಸಿಲು, ನಿಮ್ಮ ಕರೆಂಟು ಕಂಡವರ ಒಂದು ಮಾತು ಜಾಹೀರಾತಿನ ಹತ್ತು ಪುಟಕ್ಕೆ ಸಮ. ಬಿತ್ತನೆ ಬೀಜದ ವಿಷಯದಲ್ಲಿ ನಾವು ಇದನ್ನೇ ಅಲ್ಲವೇ ಮಾಡುವುದು? ಬಳಸಿದ ಫೋನು ಕೊಳ್ಳುವವರಂತೂ ಬ್ಯಾಟರಿ ಬದಲಿಸುವ ಖರ್ಚನ್ನು ಸೇರಿಸಿಯೇ ಬೆಲೆ ಕಟ್ಟಬೇಕು. ಮುದಿ ಎತ್ತಿಗೆ ಬಣ್ಣ ಬಳಿದು ಸಂತೆಗೆ ತರುವವರು ಈ ವ್ಯಾಪಾರದಲ್ಲೂ ಇದ್ದಾರೆ.

ಕೊಂಡ ಮೇಲೆ ಸಾಕುವುದು

ಎಷ್ಟು ಒಳ್ಳೆಯ ಫೋನಾದರೂ ಸಾಕುವ ರೀತಿ ಗೊತ್ತಿರಬೇಕು. ಬ್ಯಾಟರಿಗೆ ಮೊದಲ ಶತ್ರು ಬಿಸಿ. ಟ್ರಾಕ್ಟರಿನ ಬಾನೆಟ್ಟಿನ ಮೇಲೆ, ಬೈಕಿನ ಹ್ಯಾಂಡಲಿಗೆ ಸಿಕ್ಕಿಸಿ ಬಿಸಿಲಿನಲ್ಲಿ, ಕಣದ ಕಲ್ಲಿನ ಮೇಲೆ ಇಟ್ಟ ಫೋನು ದಿನದಿಂದ ದಿನಕ್ಕೆ ಬಡವಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿ ಕಡೆಯ ರೈತರು ಇದನ್ನು ವಿಶೇಷವಾಗಿ ಗಮನಿಸಬೇಕು. ಹೊಲಕ್ಕೆ ಹೋದಾಗ ಬುತ್ತಿ ಇಡುವ ನೆರಳಿನಲ್ಲೇ ಫೋನನ್ನೂ ಇಡಿ.

ಹೊಸ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ ಆಮೇಲೆ ತುಂಬಬೇಕೆಂಬ ನಂಬಿಕೆ ಇನ್ನೂ ಹಲವರಲ್ಲಿದೆ. ಅದು ಹಳೆಯ ನಿಕ್ಕಲ್ ಬ್ಯಾಟರಿಗಳ ಕಾಲದ ಮಾತು. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ ಅಯಾನ್ ಬ್ಯಾಟರಿಯ ಸ್ವಭಾವವೇ ಬೇರೆ. ಅದನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಈ ಬ್ಯಾಟರಿಗೆ ತೀರ ಖಾಲಿಯಾಗುವುದೂ ಹಿತವಲ್ಲ, ಸದಾ ನೂರಕ್ಕೆ ನೂರು ತುಂಬಿ ಬಿಸಿಯಲ್ಲಿರುವುದೂ ಹಿತವಲ್ಲ. ಮಾಮೂಲಿ ದಿನಗಳಲ್ಲಿ 20ರಿಂದ 80ರ ನಡುವೆ ಇಟ್ಟುಕೊಂಡರೆ ಬಾಳಿಕೆ ಹೆಚ್ಚು. ಆದರೆ ಮಳೆ ಗಾಳಿಯ ಮುನ್ಸೂಚನೆ ಇದ್ದ ದಿನ ಈ ಶಾಸ್ತ್ರ ನೋಡಬೇಡಿ. ಮೋಡ ಕಟ್ಟಿದ ಕೂಡಲೇ ಫೋನನ್ನು ಪೂರ್ತಿ ತುಂಬಿಸಿ, ಗುಡುಗು ಆರಂಭವಾಗುವ ಮೊದಲೇ ಪ್ಲಗ್ಗಿನಿಂದ ತೆಗೆಯಿರಿ. ಸಿಡಿಲಿನ ಹೊತ್ತಿನಲ್ಲಿ ಚಾರ್ಜಿಗೆ ಹಾಕಿದ ಫೋನಿನಲ್ಲಿ ಮಾತಾಡುವುದು ಅಪಾಯ.

ಬ್ಯಾಟರಿ ಉಬ್ಬಿ ಫೋನಿನ ಬೆನ್ನು ಎದ್ದಿದ್ದರೆ ಬಳಸುವುದನ್ನು ಅಂದೇ ನಿಲ್ಲಿಸಬೇಕು. ಒತ್ತಬಾರದು, ಚುಚ್ಚಬಾರದು, ಚಾರ್ಜಿಗೆ ಹಾಕಲೇಬಾರದು. ಹುಲ್ಲಿನ ಬಣವೆ, ಹತ್ತಿಯ ರಾಶಿ ಇರುವ ಮನೆಯಲ್ಲಿ ಈ ಎಚ್ಚರಿಕೆ ಎರಡು ಪಟ್ಟು ಬೇಕು.

ಕರೆಂಟಿಲ್ಲದ ಮೂರು ದಿನಕ್ಕೆ

ಕೆರೆಯ ಜೊತೆಗೆ ಒಂದು ಬಾವಿಯೂ ಇರಲಿ ಎನ್ನುವುದು ನಮ್ಮ ಹಿರಿಯರ ಪದ್ಧತಿ. ಫೋನಿಗೂ ಅದು ಬೇಕು. 10,000 ಎಂ.ಎ.ಎಚ್.ನ ಪವರ್ ಬ್ಯಾಂಕು 5000ದ ಫೋನನ್ನು ಎರಡು ಸಲ ತುಂಬುತ್ತದೆಂದು ಲೆಕ್ಕ ಹಾಕಬೇಡಿ. ನಡುವಿನ ನಷ್ಟ ಕಳೆದು ಸುಮಾರು ಒಂದೂವರೆ ಸಲ ತುಂಬುತ್ತದೆ. ಅಷ್ಟಾದರೂ ಆ ಮೂರು ದಿನಕ್ಕೆ ಸಾಕು. ಆದರೆ ಅದನ್ನೂ ತುಂಬಿಸಿಟ್ಟಿರಬೇಕು. ಖಾಲಿ ಪವರ್ ಬ್ಯಾಂಕು ಪೆಟ್ಟಿಗೆಯಲ್ಲಿದ್ದರೆ ಒಣ ಬಾವಿಗೆ ಹಗ್ಗ ಬಿಟ್ಟಂತೆ.

ಟ್ರಾಕ್ಟರು ಇದ್ದವರ ಮನೆಯಲ್ಲಿ ಬಾವಿ ಅಲ್ಲ, ಹೊಂಡವೇ ಇದೆ. 12 ವೋಲ್ಟಿನ, 75 ಆಂಪಿಯರ್ ಅವರ್‌ನ ಟ್ರಾಕ್ಟರು ಬ್ಯಾಟರಿಯಲ್ಲಿ ಸುಮಾರು 900 ವಾಟ್ ಗಂಟೆಯ ಶಕ್ತಿ ಇರುತ್ತದೆ. ಫೋನಿನದು ಬರೀ 20ರ ಆಸುಪಾಸು. ಕಾರಿನಲ್ಲಿ ಬಳಸುವಂಥ ಸಣ್ಣ ಚಾರ್ಜರೊಂದನ್ನು ಟ್ರಾಕ್ಟರಿಗೆ ಸರಿಯಾಗಿ ಕೂರಿಸಿಕೊಂಡರೆ ಓಣಿಯ ನಾಲ್ಕಾರು ಫೋನುಗಳು ತುಂಬಿಯೂ ಮರುದಿನ ಟ್ರಾಕ್ಟರು ಚಾಲೂ ಆಗುತ್ತದೆ. ನಮ್ಮ ಪಕ್ಕದ ಹೊಲದವರ ಓಣಿಯಲ್ಲೇ ಅಂದು ಎರಡು ಟ್ರಾಕ್ಟರು ನಿಂತಿದ್ದವು. ಯಾರಿಗೂ ಹೊಳೆಯಲಿಲ್ಲ! ನನಗೂ ಹೊಳೆಯಲಿಲ್ಲ ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ಮೂರನೆಯ ಉಪಾಯ ಹಳೆಯ ಕೀಪ್ಯಾಡ್ ಫೋನು. ಅದನ್ನು ಗುಜರಿಗೆ ಹಾಕಬೇಡಿ. ಆಧಾರಿಗೆ ಜೋಡಿಸಿದ ಸಿಮ್ ಅದರಲ್ಲಿದ್ದರೆ ಕರೆ, ಓಟಿಪಿ ಎರಡೂ ದಿನಗಟ್ಟಲೆ ಬರುತ್ತವೆ. ಫೋನಿನಲ್ಲಿ ಹಣ ಕಳಿಸುವ ಆ್ಯಪ್ ಬಳಸುವವರಿಗೆ ಆ ಸಿಮ್ ಸ್ಮಾರ್ಟ್‌ಫೋನಿನಲ್ಲೇ ಬೇಕಾಗುತ್ತದೆ. ಅಂಥವರು ಆಪತ್ತಿನ ದಿನಗಳಿಗೆ ಮಾತ್ರ ಸಿಮ್ ಬದಲಿಸಿಕೊಳ್ಳಬಹುದು. ಬೆಳೆ ವಿಮೆಯ ಹಾನಿಯನ್ನು ಆ್ಯಪ್ ಮೂಲಕವಷ್ಟೇ ಅಲ್ಲ, ಕೃಷಿ ರಕ್ಷಕ ಸಹಾಯವಾಣಿ 14447ಕ್ಕೆ ಕರೆಮಾಡಿಯೂ ತಿಳಿಸಬಹುದು. ಅದಕ್ಕೆ ಕೀಪ್ಯಾಡ್ ಫೋನೇ ಸಾಕು. ಈ ಸಂಖ್ಯೆಯನ್ನು ಮನೆಯ ಗೋಡೆಯ ಮೇಲೆ ಬರೆದಿಡಿ. ಫೋನಿನೊಳಗೆ ಬರೆದಿಟ್ಟರೆ, ಫೋನು ಆರಿದಾಗ ಸಂಖ್ಯೆಯೂ ಆರುತ್ತದೆ.

ಕರೆಂಟು ಬಹಳ ಹೊತ್ತು ಹೋದರೆ ಟವರೂ ನಿಲ್ಲುತ್ತದೆ, ಆಗ ಬ್ಯಾಟರಿ ಇದ್ದೇನು ಫಲ ಎಂದು ಕೆಲವರು ಕೇಳಬಹುದು. ನಿಜವಾದ ಮಾತು. ಅಂಥ ಹೊತ್ತಿನಲ್ಲಿ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಸುಮ್ಮನಿಡಬೇಕು. ಇಲ್ಲವಾದರೆ ಸಿಗದ ಟವರನ್ನು ಹುಡುಕುತ್ತಲೇ ಪ್ರಾಣ ಬಿಡುತ್ತದೆ. ಆ ಮೋಡಿನಲ್ಲೂ ಫೋಟೋ ತೆಗೆಯಬಹುದು. ಹಾನಿಯ ಫೋಟೋ ಅಂದೇ ತೆಗೆದಿಟ್ಟು, ಸಿಗ್ನಲ್ ಇರುವ ದಿಬ್ಬಕ್ಕೋ ಪಕ್ಕದ ಊರಿಗೋ ಹೋಗಿ ಫೋನು ತೆರೆದು ದೂರು ಕೊಡಬಹುದು. ನಡೆದು ಹೋಗಲು ಕಾಲಿದ್ದು ಬ್ಯಾಟರಿ ಇಲ್ಲದಿದ್ದರೆ ಮಾತ್ರ ಏನೂ ಮಾಡಲಾಗದು.

ಸರ್ಕಾರಕ್ಕೆ ಮೂರು ಮಾತು

ಇಷ್ಟು ಹೊತ್ತು ರೈತರಿಗೆ ಬುದ್ಧಿ ಹೇಳಿದ್ದಾಯಿತು. ಆದರೆ ಹೊಣೆಯೆಲ್ಲ ರೈತರ ತಲೆಗೇ ಕಟ್ಟುವುದು ನ್ಯಾಯವಲ್ಲ. ಫೋನನ್ನು ಕಡ್ಡಾಯದಂತೆ ಮಾಡಿದವರಿಗೂ ಕರ್ತವ್ಯವಿದೆ.

ಮೊದಲನೆಯದು, ಡಬ್ಬಿಯ ಮೇಲೆ ನಿಜ ಬರೆಸುವುದು. ಪಂಪ್‌ಸೆಟ್ಟಿಗೂ ಫ್ರಿಜ್ಜಿಗೂ ನಮ್ಮಲ್ಲಿ ನಕ್ಷತ್ರದ ಗುರುತು ಇದೆ. ಓದು ಬಾರದವರೂ ನಕ್ಷತ್ರ ಎಣಿಸಿ ಕೊಳ್ಳುತ್ತಾರೆ. ಫೋನಿಗೇಕೆ ಇಲ್ಲ? ಯುರೋಪ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಪ್ರತಿ ಹೊಸ ಮಾದರಿಯ ಫೋನಿನ ಮೇಲೂ ಒಂದು ಚೀಟಿ ಕಡ್ಡಾಯವಾಗಿದೆ. ಒಮ್ಮೆ ತುಂಬಿದರೆ ಎಷ್ಟು ಗಂಟೆ ಎಷ್ಟು ನಿಮಿಷ ಬರುತ್ತದೆ, ಎಷ್ಟು ಸುತ್ತು ಬಾಳುತ್ತದೆ, ಬಿದ್ದರೆ ತಡೆಯುತ್ತದೆಯೇ, ರಿಪೇರಿ ಸುಲಭವೇ ಎಂಬುದೆಲ್ಲ ಅದರಲ್ಲಿರುತ್ತದೆ. 800 ಸುತ್ತಿನ ನಂತರವೂ ಶೇಕಡ 80ರಷ್ಟು ಶಕ್ತಿ ಉಳಿಯಲೇಬೇಕೆಂಬ ನಿಯಮವೂ ಅಲ್ಲಿ ಬಂದಿದೆ. ನಮ್ಮಲ್ಲಿ ರಿಪೇರಿ ಸೂಚ್ಯಂಕದ ಬಗ್ಗೆ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ನೇಮಿಸಿದ ಸಮಿತಿ 2025ರ ಮೇ ತಿಂಗಳಿನಲ್ಲಿ ವರದಿ ಕೊಟ್ಟಿದೆ. ಅದರ ಜೊತೆಗೆ ಬ್ಯಾಟರಿಯ ಗಂಟೆಗಳನ್ನೂ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆಸಬೇಕು. ನಾಡಿನ ರೈತನಿಗೆ ಎಂ.ಎ.ಎಚ್. ಬೇಡ, ಎಷ್ಟು ಗಂಟೆ ಎಂಬ ಲೆಕ್ಕ ಬೇಕು. ಆ ಗಂಟೆಗಳನ್ನು ಸಿಗ್ನಲ್ ದುರ್ಬಲವಾಗಿರುವ ಕಡೆಯೂ ಅಳೆದು ಬರೆದರೆ ಇನ್ನೂ ಒಳ್ಳೆಯದು.

ಎರಡನೆಯದು, ಪ್ರತಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೂ ಗ್ರಾಮ ಪಂಚಾಯಿತಿಯಲ್ಲೂ ಸೌರಶಕ್ತಿ ಮತ್ತು ಬ್ಯಾಟರಿಯಿಂದ ನಡೆಯುವ ಒಂದು ಚಾರ್ಜಿಂಗ್ ಹಲಗೆ. ಇದು ದೊಡ್ಡ ಖರ್ಚಿನ ಮಾತಲ್ಲ. ನಡುವಿನ ನಷ್ಟ ಸೇರಿಸಿಯೂ ಒಂದು ಯೂನಿಟ್ ಕರೆಂಟಿನಲ್ಲಿ ಸುಮಾರು 40 ಫೋನುಗಳನ್ನು ಪೂರ್ತಿ ತುಂಬಿಸಬಹುದು. 5 ಅಶ್ವಶಕ್ತಿಯ ಪಂಪು ಒಂದು ಗಂಟೆ ಓಡುವ ಕರೆಂಟಿನಲ್ಲಿ 150ಕ್ಕೂ ಹೆಚ್ಚು ಫೋನುಗಳು ತುಂಬುತ್ತವೆ. ಒಂದು ಊರಿಗೆ ಊರೇ ಮಾತಾಡಲು ಅಷ್ಟು ಸಾಕು.

ಮೂರನೆಯದು, 72 ಗಂಟೆಯ ಲೆಕ್ಕ. ಒಂದು ಊರಿಗೆ ಎಷ್ಟು ಗಂಟೆ ಕರೆಂಟು ಇರಲಿಲ್ಲ ಎಂಬುದು ವಿದ್ಯುತ್ ಕಂಪನಿಯ ಪುಸ್ತಕದಲ್ಲೇ ಇರುತ್ತದೆ. ಅಷ್ಟು ಗಂಟೆಗಳನ್ನು ಅವಧಿಗೆ ಸೇರಿಸಿ ಕೊಡುವುದು ಕಷ್ಟದ ಕೆಲಸವೇನಲ್ಲ. ಕತ್ತಲಲ್ಲಿ ಕುಳಿತವರಿಗೆ ಗಡಿಯಾರ ತೋರಿಸುವುದು ಸರಿಯೇ?

ಈ ಮೂರೂ ಆಗುವವರೆಗೆ ನಮ್ಮ ಎಚ್ಚರ ನಮ್ಮ ಕೈಯಲ್ಲಿದೆ. ಮುಂದಿನ ಸಲ ಫೋನು ಕೊಳ್ಳಲು ಪೇಟೆಗೆ ಹೋದಾಗ ಕಟ್ಟೆಯ ಹಿರಿಯರ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ: "ಕರೆಂಟು ಹೋದರೆ ಇದು ಎಷ್ಟು ದಿನ ನಿಲ್ಲುತ್ತದೆ?" ಉತ್ತರ ಬಾರದ ಅಂಗಡಿಯಲ್ಲಿ ದುಡ್ಡು ಎಣಿಸಬೇಡಿ. ಈಗಾಗಲೇ ಫೋನು ಇದ್ದವರು ಇಂದು ಸಂಜೆ ಎರಡು ಕೆಲಸ ಮಾಡಿ. ಪವರ್ ಬ್ಯಾಂಕು ಇದ್ದರೆ ತುಂಬಿಸಿಡಿ. ಓಣಿಯಲ್ಲಿ ಟ್ರಾಕ್ಟರು ಇರುವವರೊಡನೆ ಒಂದು ಮಾತು ಆಡಿಡಿ. ಹಿಂಗಾರಿನ ಮೋಡ ಯಾವ ರಾತ್ರಿ ಬರುತ್ತದೆಂದು ಹೇಳಿ ಬರುವುದಿಲ್ಲ.